ಒಂದೇ ಕೈಗೆ ಮೂರು ಪಾಟ್ ಆಡ್ಸ್ ಲೆಕ್ಕ: 40, 28.6, 19. ಯಾವುದನ್ನು ನಂಬಿ ಕಾಲ್ ಮಾಡೋದು?

ಮೂರನೇ_ಸೀಟು (ಪ್ರಶ್ನೆ)

ನೋ-ಲಿಮಿಟ್ ಹೋಲ್ಡೆಮ್ ಪೋಕರ್ (ಕೈಯಲ್ಲಿ ಎರಡು ಎಲೆ, ಮಧ್ಯದಲ್ಲಿ ಎಲ್ಲರಿಗೂ ಸೇರಿದ ಐದು ಎಲೆ), ಕ್ಯಾಶ್ ಗೇಮ್. ಫ್ಲಾಪ್‌ಗೆ (ಮಧ್ಯದ ಮೊದಲ ಮೂರು ಎಲೆ) ಬಂದವರು ಇಬ್ಬರೇ. ಪಾಟ್‌ನಲ್ಲಿ (ಮಧ್ಯದಲ್ಲಿ ಸೇರಿರುವ ಪಣ) 120 ಚಿಪ್ಸ್. ಕೈಯಲ್ಲಿರೋದು ಆಟೀನ್ ಎಕ್ಕ, ಆಟೀನ್ ಗುಲಾಮ. ಫ್ಲಾಪ್: ಆಟೀನ್ ರಾಜ, ಇಸ್ಪೇಟ್ 8, ಆಟೀನ್ 5. ಎದುರಾಳಿ ಮೊದಲು ಆಡಿ 80 ಬೆಟ್ ಮಾಡಿದ. ಬೆಟ್ ಆದ ಮೇಲೂ ಅವನ ಮುಂದೆ 600 ಇದೆ, ಈ ಕಡೆ ಅದಕ್ಕಿಂತ ಜಾಸ್ತಿಯೇ ಇದೆ.

ಪಾಟ್ ಆಡ್ಸ್ ಅಂದರೆ ಕಾಲ್ ಮಾಡಲು (ಅವನ ಬೆಟ್‌ನಷ್ಟೇ ಹಾಕಿ ಉಳಿಯಲು) ಕೊಡಬೇಕಾದ್ದಕ್ಕೂ ಗೆದ್ದರೆ ಸಿಗೋದಕ್ಕೂ ಇರುವ ಅನುಪಾತ. ಇದಕ್ಕೆ ಮೂರು ಥರ ಲೆಕ್ಕ ಬರ್ತಿದೆ.

ಒಂದು: 80 ಕೊಟ್ಟು 200 ಗೆಲ್ಲೋದು, 80 ಭಾಗಿಸು 200, ಅಂದರೆ ಶೇ. 40 ಬೇಕು. ಫ್ಲಶ್‌ಗೆ (ಒಂದೇ ಜಾತಿಯ ಐದು ಎಲೆ) 9 ಔಟ್ಸ್ (ಬಂದರೆ ಗೆಲ್ಲಿಸುವ ಎಲೆಗಳು), 4ರಿಂದ ಗುಣಿಸಿದರೆ 36. ಸಾಲದು, ಫೋಲ್ಡ್ (ಕೈ ಬಿಟ್ಟುಬಿಡೋದು).

ಎರಡು: ಬೇಕಾಗಿರೋದು ಶೇ. 28.6 ಮಾತ್ರ, ಇರೋದು 35. ಕಾಲ್.

ಮೂರು: ಬೇಕಾಗಿರೋದು 28.6 ಸರಿ, ಆದರೆ ಇರೋದು 35 ಅಲ್ಲ, 19. ಫೋಲ್ಡ್.

ಯಾವುದು ಸರಿ? ಇನ್ನೊಂದು: ರಿವರ್ (ಐದನೇ, ಕೊನೇ ಎಲೆ) ಬಿದ್ದ ಮೇಲೆ ಔಟ್ಸ್ ಅನ್ನೋದೇ ಇರಲ್ಲ. ಅಲ್ಲಿ ಪಾಟ್ ಆಡ್ಸ್ ಅನ್ನು ಯಾವುದರ ಜೊತೆ ಹೋಲಿಸಬೇಕು?

---

ಗುಣಾಕಾರ

ಮೊದಲನೆಯದು ತಪ್ಪು. ಎರಡು ಮತ್ತು ಮೂರು ಎರಡರ ಸಂಖ್ಯೆಗಳೂ ಸರಿ, ಆದರೆ ಅವು ಬೇರೆ ಬೇರೆ ಪ್ರಶ್ನೆಗೆ ಉತ್ತರ. ಗೊಂದಲ ಆಗಿರೋದು ಅಲ್ಲೇ.

40 ಎಲ್ಲಿಂದ ಬಂತು ನೋಡಿ. 200 ಮತ್ತು 80 ಅಂದರೆ 2.5ಕ್ಕೆ 1. ಇದು ಗೆಲುವಿಗೂ ಸೋಲಿಗೂ ಇರುವ ಅನುಪಾತ, ಶೇಕಡಾವಾರು ಅಲ್ಲ. ಏಳು ಸಲ ಇದೇ ಕಾಲ್ ಮಾಡಿ ಎರಡು ಸಲ ಗೆದ್ದರೆ 400 ಬರುತ್ತೆ, ಐದು ಸಲ ಸೋತರೆ 400 ಹೋಗುತ್ತೆ. ಅಲ್ಲಿಗೆ ಸಮ. ಏಳರಲ್ಲಿ ಎರಡು ಅಂದರೆ ಶೇ. 28.6. ಚಿಪ್ಸ್‌ನಲ್ಲೇ ಹೇಳಬೇಕಂದ್ರೆ, ನೀವು ಕಾಲ್ ಮಾಡಿದ ಮೇಲೆ ಮಧ್ಯದಲ್ಲಿ ಎಷ್ಟಿರುತ್ತೋ ಅದರಿಂದ ನಿಮ್ಮ ಕಾಲ್ ಅನ್ನು ಭಾಗಿಸಿ: 120 + 80 + 80 = 280, 80/280. ತಮ್ಮದೇ 80ನ್ನು ಕೆಳಗೆ ಸೇರಿಸೋದು ಮರೆಯೋದೇ ಈ ಲೆಕ್ಕದ ಅತಿ ಸಾಮಾನ್ಯ ತಪ್ಪು. ಅದು ಯಾವಾಗಲೂ ಒಂದೇ ಕಡೆ ವಾಲುತ್ತೆ: ಬೇಕಾದ್ದಕ್ಕಿಂತ ದೊಡ್ಡ ಸಂಖ್ಯೆ ತೋರಿಸಿ ಒಳ್ಳೆ ಕಾಲ್‌ಗಳನ್ನು ಫೋಲ್ಡ್ ಮಾಡಿಸುತ್ತೆ. ಫ್ಲಾಪ್‌ಗೆ ಮುಂಚೆ ನೀವು ಹಾಕಿದ್ದನ್ನು ಮಾತ್ರ ನಿಮ್ಮದು ಅಂತ ಬೇರೆ ಎಣಿಸಬೇಡಿ, ಅದು ಆಗಲೇ ಪಾಟ್‌ನದಾಗಿದೆ.

ಟೇಬಲ್ ಮುಂದೆ ಕೂತು ಭಾಗಾಕಾರ ಮಾಡೋ ಅಗತ್ಯ ಇಲ್ಲ. ಬೆಟ್ ಪಾಟ್‌ನ ಎಷ್ಟು ಭಾಗ ಅಂತ ನೋಡಿದರೆ ಸಾಕು, ಉತ್ತರ ಬಾಯಿಪಾಠ ಆಗಿರಬೇಕು:

ಕಾಲು ಪಾಟ್: 16.7
ಮೂರನೇ ಒಂದು: 20
ಅರ್ಧ: 25
ಮೂರನೇ ಎರಡು: 28.6
ಮುಕ್ಕಾಲು: 30
ಪೂರ್ತಿ ಪಾಟ್: 33.3
ಒಂದೂವರೆ ಪಾಟ್: 37.5
ಎರಡು ಪಾಟ್: 40

ಎಷ್ಟೇ ದೊಡ್ಡ ಬೆಟ್ ಬಂದರೂ ಇದು 50 ಮುಟ್ಟಲ್ಲ. ಅಂದಹಾಗೆ ನಿಮ್ಮ ಆ 40 ಪಾಟ್‌ನ ಎರಡರಷ್ಟು ಬೆಟ್‌ಗೆ ಬರಬೇಕಾದ ಸಂಖ್ಯೆ. ಮೂರನೇ ಎರಡು ಬೆಟ್‌ಗೆ ಆ ಉತ್ತರ ಬಂದಾಗಲೇ ಅನುಮಾನ ಬರಬೇಕಿತ್ತು.

ಈಗ 35 ಮತ್ತು 19. ಫ್ಲಾಪ್‌ನಲ್ಲಿ ನಿಮಗೆ ಕಾಣದ ಎಲೆ 47, ಅದರಲ್ಲಿ ಆಟೀನ್ 9. ಮುಂದಿನ ಒಂದು ಎಲೆಗೆ 9/47 = 19.1. ಟರ್ನ್ (ನಾಲ್ಕನೇ ಎಲೆ) ತಪ್ಪಿದರೆ ರಿವರ್‌ಗೆ 9/46 = 19.6. ಎರಡೂ ಎಲೆ ನೋಡಿದರೆ 35. ಔಟ್ಸ್ 8ಕ್ಕಿಂತ ಜಾಸ್ತಿ ಇದ್ದಾಗ 4ರ ಗುಣಾಕಾರ ಉಬ್ಬುತ್ತೆ, 8ರ ಮೇಲೆ ಎಷ್ಟಿದೆಯೋ ಅಷ್ಟು ಕಳೀರಿ: 36 − 1 = 35. ಹದಿನೈದು ಔಟ್ಸ್‌ಗೆ 60 − 7 = 53, ನಿಜವಾದದ್ದು 54.1.

ಆ 80 ಕೊಟ್ಟರೆ ಎಷ್ಟು ಎಲೆ ಸಿಗುತ್ತೆ? ಪ್ರಶ್ನೆ ಅಷ್ಟೇ. ಎದುರಾಳಿಯ 80 ಆಲ್-ಇನ್ (ಇದ್ದದ್ದೆಲ್ಲ ಹಾಕಿದ್ದು) ಆಗಿದ್ದರೆ ಎರಡು ಎಲೆ, ಆಗ 35ರ ಲೆಕ್ಕ: 0.35 × 200 − 0.65 × 80 = 70 − 52, ಪ್ರತಿ ಕಾಲ್‌ಗೆ ಸರಾಸರಿ 18 ಚಿಪ್ಸ್ ಲಾಭ. ಅವನ ಮುಂದೆ 600 ಇದೆ ಅಂದಮೇಲೆ 80ಕ್ಕೆ ಗ್ಯಾರಂಟಿಯಾಗಿ ಸಿಗೋದು ಟರ್ನ್ ಒಂದೇ. ರಿವರ್‌ಗೆ ಇನ್ನೊಂದು ಬಿಲ್ ಬರುತ್ತೆ. ಎರಡು ಎಲೆಯ ಭಾಗ್ಯವನ್ನು ಒಂದು ಎಲೆಯ ಬೆಲೆಗೆ ಹೋಲಿಸೋದು ಫ್ಲಶ್ ಡ್ರಾ (ಇನ್ನೊಂದು ಎಲೆ ಬಂದರೆ ಫ್ಲಶ್ ಆಗುವ ಕೈ) ಹಿಡಿದವರು ಹಣ ಸುರಿಯುವ ಮುಖ್ಯ ದಾರಿ.

ಹಾಗಂತ ಮೂರನೇ ಲೆಕ್ಕದವರ ಫೋಲ್ಡ್ ಕೂಡ ಸರಿಯಲ್ಲ. 19 ಸಾಲದು ಅಂದರೆ ಕೊರತೆ ಎಷ್ಟು ಅಂತ ಕೇಳಬೇಕು. 47 ಸಲದಲ್ಲಿ 38 ಸಲ ತಪ್ಪುತ್ತೆ: 38 × 80 = 3040 ನಷ್ಟ. ಸಿಗುವ 9 ಸಲದಲ್ಲಿ ಅದನ್ನು ವಸೂಲಿ ಮಾಡಲು ಒಂದೊಂದು ಸಲಕ್ಕೆ 338 ಬೇಕು. 200 ಆಗಲೇ ಮಧ್ಯದಲ್ಲಿದೆ. ಅಂದರೆ ಫ್ಲಶ್ ಬಿದ್ದಾಗ ಟರ್ನ್ ಮತ್ತು ರಿವರ್ ಸೇರಿ ಸರಾಸರಿ ಇನ್ನೂ 138 ಬಂದರೆ ಸಮ. ಆಗ ಪಾಟ್ 280 ಇರುತ್ತೆ, ಅರ್ಧ ಪಾಟ್‌ನ ಒಂದೇ ಬೆಟ್ ಕಾಲ್ ಆದರೂ 140. ಅವನ ಮುಂದೆ 600 ಇರೋವಾಗ ಇದು ದೊಡ್ಡ ನಿರೀಕ್ಷೆ ಅಲ್ಲ. ಅವನ ಮುಂದೆ 100 ಮಾತ್ರ ಉಳಿದಿದ್ದರೆ ಈ 138 ಎಲ್ಲಿಂದಲೂ ಬರಲ್ಲ, ಇಂಪ್ಲೈಡ್ ಆಡ್ಸ್ (ಮುಂದಿನ ಬೆಟ್‌ಗಳಲ್ಲಿ ಬರಬಹುದಾದ್ದನ್ನೂ ಸೇರಿಸಿದ ಲೆಕ್ಕ) ಅಂತ ಬಾಯಲ್ಲಿ ಹೇಳಿ ಪ್ರಯೋಜನ ಇಲ್ಲ. ಆದ್ದರಿಂದ ಈ ಕೈ: ಕಾಲ್.

---

ಕಡೇ_ಎಲೆ

ಮೇಲಿನ ಲೆಕ್ಕ ಸರಿ, ಆದರೆ ಅದು 9 ಔಟ್ಸ್ ಅನ್ನು ಕಣ್ಣುಮುಚ್ಚಿ ಒಪ್ಪಿಕೊಂಡಿದೆ. ಔಟ್ ಅಂದರೆ ನಿಮ್ಮ ಕೈ ಸುಧಾರಿಸುವ ಎಲೆ ಅಲ್ಲ, ನಿಮ್ಮನ್ನು ಗೆಲ್ಲಿಸುವ ಎಲೆ. ಎದುರಿಗೆ ಏನಿದೆ ಅನ್ನೋದರ ಮೇಲೆ ಅದು ಬದಲಾಗುತ್ತೆ.

ಇದೇ ಕೈ, ಇದೇ ಫ್ಲಾಪ್, ಆಲ್-ಇನ್ ಅಂದುಕೊಳ್ಳಿ. ಎದುರಾಳಿ ಹತ್ರ ಕಳಾವರ್ ರಾಜ, ಡೈಮಂಡ್ ರಾಣಿ ಇದ್ದರೆ ನಿಮ್ಮ ಈಕ್ವಿಟಿ (ಗೆಲ್ಲುವ ಸಾಧ್ಯತೆಯ ಪಾಲು) 35 ಅಲ್ಲ, 45.6. ಮೂರು ಎಕ್ಕಗಳೂ ನಿಮಗೆ ಔಟ್ ಆಗ್ತವೆ. ಅದೇ ಅವನ ಹತ್ರ 8-8 ಇದ್ದರೆ 25.6ಕ್ಕೆ ಇಳಿಯುತ್ತೆ. ಎಕ್ಕ ಬಂದರೆ ಏನೂ ಆಗಲ್ಲ, ಆಟೀನ್ 8 ಬಂದರೆ ನಿಮಗೆ ಫ್ಲಶ್, ಅವನಿಗೆ ನಾಲ್ಕು ಎಂಟು. ಅದರ ಮೇಲೆ, ನಿಮ್ಮ ಫ್ಲಶ್ ಟರ್ನ್‌ನಲ್ಲೇ ಬಿದ್ದರೂ ರಿವರ್‌ನಲ್ಲಿ ಬೋರ್ಡ್ (ಮಧ್ಯದ ಎಲೆಗಳು) ಜೋಡಿಯಾದರೆ ಅವನಿಗೆ ಫುಲ್ ಹೌಸ್ (ಒಂದೇ ಥರದ ಮೂರು, ಜೊತೆಗೊಂದು ಜೋಡಿ), ಅದು ಫ್ಲಶ್‌ಗಿಂತ ಮೇಲು. ಬೇಕಾಗಿದ್ದ 28.6ಕ್ಕಿಂತ ಇದು ಕೆಳಗೆ, ಕಾಲ್ ಮಾಡಿದಷ್ಟು ಸಲ ಸರಾಸರಿ 8 ಚಿಪ್ಸ್ ಹೋಗುತ್ತೆ.

ಎರಡರಲ್ಲಿ ಯಾವುದು ಅಂತ ಗೊತ್ತಿಲ್ಲವಲ್ಲ, ಹಾಗಾಗಿ ಎಣಿಕೆ. 8-8 ಮೂರು ಬಗೆಯಲ್ಲಿ ಸಾಧ್ಯ, 5-5 ಮೂರು ಬಗೆ (ಅದರ ಎದುರೂ 25.6 ಅಷ್ಟೇ). ರಾಜ-ರಾಣಿ: ಉಳಿದ ರಾಜ 3 × ರಾಣಿ 4 = 12 ಬಗೆ, ಆಟೀನ್ ರಾಣಿ ಇರುವ ಮೂರನ್ನೂ ಸದ್ಯಕ್ಕೆ ಅದೇ 45.6ಕ್ಕೆ ಹಿಡಿಯೋಣ. ಅವನು ಈ ಮೂರೇ ಥರದ ಕೈಗಳಲ್ಲಿ ಹೀಗೆ ಆಡ್ತಾನೆ ಅಂದುಕೊಂಡರೂ ಸರಾಸರಿ (12 × 45.6 + 6 × 25.6) / 18, ಹತ್ತಿರ ಹತ್ತಿರ 39. ಆರಾಮಾಗಿ ಕಾಲ್. ತೀರಾ ಬಿಗಿಯಾಗಿ ಆಡುವವನು, ಸೆಟ್ (8-8, 5-5ರಂಥ ಕೈಯ ಜೋಡಿಗೆ ಬೋರ್ಡ್‌ನ ಒಂದು ಸೇರಿ ಮೂರು) ಇಲ್ಲದೆ ಚಿಪ್ಸ್ ಒಳಗೆ ತಳ್ಳುವವನೇ ಅಲ್ಲ ಅಂದರೆ ಮಾತ್ರ ಫೋಲ್ಡ್‌ಗೆ ಅರ್ಥ ಇದೆ.

ಎಕ್ಕ-ರಾಜ ಹಿಡಿದವನ ಎದುರು ಉಳಿದ ಎಕ್ಕಗಳು ಔಟ್ ಅಲ್ಲ, ಗುಂಡಿ. ನಿಮಗೆ ಒಂದು ಜೋಡಿ, ಅವನಿಗೆ ಎರಡು. ಅದಕ್ಕೇ ಅನುಮಾನದ ಔಟ್ಸ್ ಅನ್ನು ಅರ್ಧಕ್ಕೆ ಇಳಿಸಿ ಎಣಿಸೋ ಅಭ್ಯಾಸ: ಮೂರು ಎಕ್ಕಕ್ಕೆ ಒಂದೂವರೆ ಔಟ್.

ಔಟ್ಸ್ ಎಣಿಸುವಾಗ ಇನ್ನೊಂದು ಕಡೆ ಎಡವೋದು ಒಂದೇ ಎಲೆಯನ್ನು ಎರಡು ಸಲ ಎಣಿಸಿ. ಇದೇ ಫ್ಲಾಪ್‌ನಲ್ಲಿ ಕೈಯಲ್ಲಿ ಆಟೀನ್ 7, ಆಟೀನ್ 6 ಇದ್ದರೆ ಫ್ಲಶ್‌ಗೆ 9, ಸ್ಟ್ರೇಟ್‌ಗೆ (ಸಾಲಾಗಿ ಐದು ಎಲೆ) ನಾಲ್ಕು 4 ಮತ್ತು ನಾಲ್ಕು 9, ಸೇರಿ 8. ಒಟ್ಟು 17 ಅಲ್ಲ, 15. ಆಟೀನ್ 4, ಆಟೀನ್ 9 ಎರಡೂ ಪಟ್ಟಿಯಲ್ಲಿವೆ. ಎರಡು ಎಲೆಗೆ ಅದು ಶೇ. 54, ಕಾಗದದ ಮೇಲೆ ಅರ್ಧಕ್ಕಿಂತ ಹೆಚ್ಚು. ಆದರೆ ಈ ಫ್ಲಶ್‌ಗೆ ನಿಮ್ಮ ಕೈಯಿಂದ ಸೇರುವ ದೊಡ್ಡ ಎಲೆ 7, ಎಕ್ಕ ಅಲ್ಲ. ಮೂರು ಜನ ಪಾಟ್‌ನಲ್ಲಿದ್ದು ಇನ್ನೊಬ್ಬನೂ ಆಟೀನ್ ಹಿಡಿದಿದ್ದರೆ, ನಿಮ್ಮ ಎಲೆ ಬಿದ್ದ ದಿನವೇ ದೊಡ್ಡ ನಷ್ಟದ ದಿನ.

ಮೂವರಿರುವ ಪಾಟ್‌ನ ಮೋಸವೂ ಇದೇ. 80 ಬೆಟ್, ಮಧ್ಯದವನು 80 ಕಾಲ್, ಈಗ ನಿಮಗೆ 80/360, ಅಂದರೆ 22.2 ಸಾಕು. ಬೆಲೆ ಇಳಿಯಿತು ಅಂತ ಖುಷಿಪಡೋ ಮುಂಚೆ, ಆ ಮಧ್ಯದವನು ಏನು ಹಿಡಿದು ಕಾಲ್ ಮಾಡಿದ ಅಂತ ನೋಡಿ. ಬಹಳ ಸಲ ಅವನ ಕೈಯಲ್ಲಿರೋದು ನಿಮಗೆ ಬೇಕಾದ ಎಲೆಗಳೇ. ಮತ್ತೆ ನಿಮ್ಮ ಹಿಂದೆ ಆಡಲು ಇನ್ನೂ ಯಾರಾದರೂ ಉಳಿದಿದ್ದರೆ 80 ಅನ್ನೋದು ಅಂತಿಮ ಬೆಲೆಯೇ ಅಲ್ಲ. ಅವರು ಬೆಟ್ ಏರಿಸಿದರೆ ಈ ಇಡೀ ಲೆಕ್ಕ ಕಸದಬುಟ್ಟಿಗೆ.

---

ಅರೆಬ್ಲಫ್

ಒಂದು ಎಲೆಗೆ 19 ಅನ್ನೋದನ್ನು ಹಿಡಿದು ಕೂರೋದೂ ಸ್ವಲ್ಪ ಜಿಪುಣತನವೇ. ಎದುರಾಳಿ ಟರ್ನ್‌ನಲ್ಲಿ ಚೆಕ್ ಮಾಡಿದರೆ (ಬೆಟ್ ಹಾಕದೆ ಬಿಟ್ಟರೆ) ರಿವರ್ ಪುಕ್ಕಟೆ. ಅವನು ಎಷ್ಟು ಸಲ ಫ್ಲಾಪ್‌ನಲ್ಲಿ ಒಂದೇ ಬೆಟ್ ಹಾಕಿ ಸುಮ್ಮನಾಗ್ತಾನೋ ಅಷ್ಟರ ಮಟ್ಟಿಗೆ ನಿಮ್ಮ 19 ಮೇಲಕ್ಕೆ, 35ರ ಕಡೆಗೆ ಹೋಗುತ್ತೆ. ಇದು ನೀವು ಅವನ ನಂತರ ಆಡುವಾಗ ಮಾತ್ರ ನಿಮ್ಮ ಕೈಲಿರುತ್ತೆ. ಮೊದಲು ಆಡುವ ಜಾಗದಲ್ಲಿದ್ದರೆ ಫ್ಲಶ್ ಬಿದ್ದಾಗ ಹಣ ಕೀಳೋದೂ ಕಷ್ಟ, ಬೀಳದಿದ್ದಾಗ ಪುಕ್ಕಟೆ ಎಲೆಯೂ ಅವನು ಕೊಟ್ಟರೆ ಉಂಟು.

ಇಂಪ್ಲೈಡ್ ಆಡ್ಸ್ ಇಲ್ಲದೆ, ಬರೀ ನೇರ ಬೆಲೆಗೇ ಒಂದು ಎಲೆಯ ಫ್ಲಶ್ ಡ್ರಾ ಕಾಲ್ ಆಗಬೇಕಾದರೆ ಬೆಟ್ ಪಾಟ್‌ನ ಸುಮಾರು ಶೇ. 31ಕ್ಕಿಂತ ಚಿಕ್ಕದಿರಬೇಕು. ಮೂರನೇ ಒಂದು ಬೆಟ್ ಕೂಡ ಕೂದಲೆಳೆಯಷ್ಟು ದುಬಾರಿ. ಗಟ್‌ಶಾಟ್‌ಗಂತೂ (ನಡುವಿನ ಒಂದೇ ಎಲೆ ಬೇಕಿರುವ ಸ್ಟ್ರೇಟ್) 4 ಔಟ್ಸ್, ತಪ್ಪುವುದು 43: ಹತ್ತೂಮುಕ್ಕಾಲಕ್ಕೆ ಒಂದು. ಯಾವ ಸಾಧಾರಣ ಬೆಟ್ಟೂ ಅಷ್ಟು ಕೊಡಲ್ಲ.

ಮತ್ತೆ, ಫ್ಲಶ್ ಬಿದ್ದಾಗ ಬೋರ್ಡ್ ಮೇಲೆ ಮೂರು ಆಟೀನ್ ರಾಚುತ್ತವೆ, ಎಂಥವನಿಗೂ ಕಾಣುತ್ತೆ. ಕೈಯ ಎರಡು ಎಲೆ ಬಳಸಿ ಒಳಗೆ ಅಡಗಿರುವ ಸ್ಟ್ರೇಟ್ ಆದರೆ ಅಷ್ಟು ಬೇಗ ಹೊಳೆಯಲ್ಲ. ಔಟ್ಸ್ 8 ಇದ್ದರೂ ಮುಂದೆ ಬರುವ ದುಡ್ಡು ಜಾಸ್ತಿ.

---

ಮೂರನೇ_ಸೀಟು

ಫ್ಲಾಪ್ ವಿಷಯ ಸ್ಪಷ್ಟ ಆಯ್ತು. ರಿವರ್ ಹೇಳಿ. ಪಾಟ್ 300, ಎದುರಾಳಿ 200 ಬೆಟ್. ಬೋರ್ಡ್: ಆಟೀನ್ ರಾಜ, ಇಸ್ಪೇಟ್ 8, ಆಟೀನ್ 5, ಕಳಾವರ್ 2, ಡೈಮಂಡ್ 2. ಕೈಯಲ್ಲಿ ಕಳಾವರ್ ರಾಜ, ಕಳಾವರ್ ಗುಲಾಮ. ಕೆಲವರು 200/700, ಶೇ. 28.6 ಅಂತಾರೆ. ಇನ್ನು ಕೆಲವರು 300/500, ಶೇ. 60 ಡಿಫೆಂಡ್ ಮಾಡಲೇಬೇಕು (ಫೋಲ್ಡ್ ಮಾಡದೆ ಉಳಿಸಿಕೊಳ್ಳಬೇಕು) ಅಂತಾರೆ. ಇವೆರಡಕ್ಕೂ ಏನು ಸಂಬಂಧ?

---

ಕಾಂಬೋ_ಎಣಿಕೆ

60 ಅನ್ನೋದು ಈ ಒಂದು ಕೈಯ ಬಗ್ಗೆ ಅಲ್ಲ. ಈ ಜಾಗಕ್ಕೆ ನೀವು ತರಬಹುದಾದ ಎಲ್ಲ ಕೈಗಳಲ್ಲಿ ಮೇಲಿನ ಶೇ. 60 ಉಳಿಸಿಕೊಂಡರೆ, ಎದುರಾಳಿ ಯಾವ ಎರಡು ಎಲೆ ಹಿಡಿದು ಬ್ಲಫ್ (ದುರ್ಬಲ ಕೈಯಲ್ಲಿ ಹೆದರಿಸೋ ಬೆಟ್) ಮಾಡಿದರೂ ಅವನಿಗೆ ತಾನಾಗೇ ಲಾಭ ಬರಲ್ಲ. ಅಷ್ಟೇ ಅದರ ಅರ್ಥ. ಅವನು ಬ್ಲಫ್ ಮಾಡುವವನೇ ಅಲ್ಲದಿದ್ದರೆ 60 ಉಳಿಸಿಕೊಳ್ಳೋದು ದಾನಧರ್ಮ. 28.6 ಮಾತ್ರ ಈಗ ಕೈಯಲ್ಲಿರುವ ಎಲೆಗಳ ಪ್ರಶ್ನೆ: ಅವನ ಏಳು ಬೆಟ್‌ಗಳಲ್ಲಿ ಎರಡಾದರೂ ನೀವು ಸೋಲಿಸಬಲ್ಲ ಕೈಯೇ?

ರಿವರ್‌ನಲ್ಲಿ ಔಟ್ಸ್ ಜಾಗಕ್ಕೆ ಬರೋದು ಕಾಂಬೋ, ಅಂದರೆ ಒಂದು ಕೈ ಎಷ್ಟು ಬಗೆಯಲ್ಲಿ ಸಾಧ್ಯ ಅನ್ನೋ ಎಣಿಕೆ. ಗಟ್ಟಿ ಕೈಗಳನ್ನು ಮೊದಲು ಬರೆಯಿರಿ. ಅವನು ಇಷ್ಟು ದೊಡ್ಡದಾಗಿ ಬೆಟ್ ಮಾಡೋದು 8-8, 5-5, ಎಕ್ಕ-ರಾಜ ಇದ್ದಾಗ ಅಂತಿಟ್ಟುಕೊಳ್ಳಿ. 8-8: 3. 5-5: 3. ಎಕ್ಕ-ರಾಜ: ರಾಜಗಳಲ್ಲಿ ಒಂದು ಬೋರ್ಡ್ ಮೇಲೆ, ಒಂದು ನಿಮ್ಮ ಕೈಯಲ್ಲಿ, ಉಳಿದದ್ದು 2, ಎಕ್ಕ 4, ಅಲ್ಲಿಗೆ 8. ಒಟ್ಟು 14. ಇವುಗಳ ಎದುರು ನೀವು ಸೋಲ್ತೀರಿ.

14 ಗಟ್ಟಿ ಕೈಗೆ ಎಷ್ಟು ಬ್ಲಫ್ ಇದ್ದರೆ ಕಾಲ್ ಸಮ? ಮೂರನೇ ಎರಡು ಬೆಟ್‌ಗೆ ಅನುಪಾತ 5ಕ್ಕೆ 2. ಹದಿನಾಲ್ಕಕ್ಕೆ 5.6, ಅಂದರೆ 6 ಬೇಕು.

ಬೀಳದೆ ಹೋದ ಆಟೀನ್ ಡ್ರಾಗಳು: ಎಕ್ಕ-ರಾಣಿ, ಎಕ್ಕ-ಗುಲಾಮ, ಎಕ್ಕ-10, ಎಕ್ಕ-9, ರಾಣಿ-ಗುಲಾಮ, ರಾಣಿ-10, ಗುಲಾಮ-10, 10-9. ಎಲ್ಲ ಆಟೀನ್, ಒಂದೊಂದೇ ಬಗೆ, ಒಟ್ಟು 8. ಎಂಟನ್ನೂ ಬ್ಲಫ್ ಮಾಡಿದರೆ 8/22 = ಶೇ. 36, ಕಾಲ್. ಅರ್ಧದಷ್ಟನ್ನು ಸುಮ್ಮನೆ ಚೆಕ್ ಮಾಡಿ ಬಿಡುವವನಾದರೆ 4/18 = ಶೇ. 22, ಫೋಲ್ಡ್. ಪಾಟ್ ಆಡ್ಸ್ ಇಲ್ಲಿ ಗೆರೆ ಎಲ್ಲಿದೆ ಅಂತ ಮಾತ್ರ ಹೇಳುತ್ತೆ. ಗೆರೆಯ ಯಾವ ಕಡೆ ಅವನಿದ್ದಾನೆ ಅನ್ನೋದನ್ನು ಅವನ ಆಟ ನೋಡಿಯೇ ತಿಳೀಬೇಕು.

ಈಗ ನಿಮ್ಮ ಗುಲಾಮ ಕಳಾವರ್ ಅಲ್ಲ, ಆಟೀನ್ ಅಂದುಕೊಳ್ಳಿ. ಕೈಯ ಬಲ ಒಂದಿಂಚೂ ಬದಲಾಗಲಿಲ್ಲ. ಆದರೆ ಪಟ್ಟಿಯಿಂದ ಎಕ್ಕ-ಗುಲಾಮ, ರಾಣಿ-ಗುಲಾಮ, ಗುಲಾಮ-10 ಮೂರೂ ಮಾಯ, ಏಕೆಂದರೆ ಆ ಎಲೆ ನಿಮ್ಮ ಹತ್ರ ಇದೆ. ಎಲ್ಲ ಬ್ಲಫ್ ಮಾಡುವವನೇ ಆದರೂ 5/19 = 26.3. ಬೇಕಾದ 28.6ಕ್ಕಿಂತ ಕಡಿಮೆ, ಫೋಲ್ಡ್. ತಪ್ಪಿಹೋದ ಡ್ರಾದ ಎಲೆಯೊಂದು ಕೈಯಲ್ಲಿದ್ದಾಗ, ಅವನದು ಬ್ಲಫ್ಫೇ ಇರಬೇಕು ಅಂತ ಕಾಲ್ ಮಾಡೋದು ಉಲ್ಟಾ ತರ್ಕ.

---

ಬಬಲ್

ಇಷ್ಟೆಲ್ಲ ಕ್ಯಾಶ್ ಗೇಮ್‌ಗೆ. ಟೂರ್ನಮೆಂಟ್‌ಗೆ ಇದನ್ನೇ ಎತ್ತಿಕೊಂಡು ಹೋದರೆ ಕೆಡುತ್ತೆ, ಅಲ್ಲಿ ಗೆದ್ದ ಚಿಪ್‌ಗಿಂತ ಕಳೆದ ಚಿಪ್‌ನ ಬೆಲೆ ಜಾಸ್ತಿ. ತೀರಾ ಕಣ್ಣಿಗೆ ಹೊಡೆಯೋ ಉದಾಹರಣೆ ಸ್ಯಾಟಲೈಟ್ (ಬಹುಮಾನವಾಗಿ ದೊಡ್ಡ ಟೂರ್ನಮೆಂಟ್‌ನ ಟಿಕೆಟ್ ಕೊಡುವ ಆಟ): ಮೂವರು ಉಳಿದಿದ್ದಾರೆ, ಮೂವರ ಹತ್ರವೂ ಸಮ ಚಿಪ್ಸ್, ಟಿಕೆಟ್ ಎರಡು. ಸುಮ್ಮನೆ ಕೂತರೂ ನಿಮ್ಮ ಪಾಲು ಮೂರನೇ ಎರಡು ಟಿಕೆಟ್. ಒಬ್ಬ ಆಲ್-ಇನ್ ಹೋದ. ಚಿಪ್ಸ್ ಲೆಕ್ಕದಲ್ಲಿ 50ಕ್ಕಿಂತ ಸ್ವಲ್ಪ ಕಡಿಮೆ ಇದ್ದರೂ ಕಾಲ್. ಟಿಕೆಟ್ ಲೆಕ್ಕದಲ್ಲಿ ಗೆದ್ದರೆ 1, ಸೋತರೆ 0, ಬಿಟ್ಟರೆ ಹತ್ತಿರ ಹತ್ತಿರ 0.667. ಅಂದರೆ ಬ್ಲೈಂಡ್ಸ್ (ಆಟದ ಮೊದಲೇ ಹಾಕಲೇಬೇಕಾದ ಪಣ) ಬದಿಗಿಟ್ಟರೆ ಶೇ. 66.7 ಬೇಕು. ಮಾಮೂಲಿ ಟೂರ್ನಮೆಂಟ್‌ನಲ್ಲಿ ಇಷ್ಟು ವಿಪರೀತ ಇರಲ್ಲ, ಆದರೆ ಬಹುಮಾನದ ಗಡಿ ಹತ್ತಿರ ಬಂದಾಗ ಬೇಕಾದ ಈಕ್ವಿಟಿ ಪಾಟ್ ಆಡ್ಸ್‌ಗಿಂತ ಮೇಲಿರುತ್ತೆ. ನಿಮ್ಮನ್ನು ಹೊರಗೆ ಹಾಕಬಲ್ಲಷ್ಟು ಚಿಪ್ಸ್ ಇರುವವನ ಎದುರಂತೂ ಹೆಚ್ಚು.

---

ಮೂರನೇ_ಸೀಟು

ಕೊನೇ ಅನುಮಾನ. ಎದುರಾಳಿಯ ಬೆಟ್‌ಗಿಂತ ನಮ್ಮ ಹತ್ರ ಕಡಿಮೆ ಚಿಪ್ಸ್ ಇದ್ದರೆ? ಮತ್ತೆ ರೇಕ್ (ಆಟ ನಡೆಸುವ ಹೌಸ್ ಪಾಟ್‌ನಿಂದ ತೆಗೆದುಕೊಳ್ಳುವ ಪಾಲು) ಹೋಗುತ್ತಲ್ಲ, ಅದನ್ನು ಎಲ್ಲಿ ಕಳೀಬೇಕು?

---

ಗುಣಾಕಾರ

ಪಾಟ್ 120, ಅವನು 300 ತಳ್ಳಿದ, ನಿಮ್ಮ ಹತ್ರ 100. ಅವನ ಬೆಟ್‌ನಲ್ಲಿ ನಿಮಗೆ ಸಂಬಂಧಪಟ್ಟದ್ದು 100 ಮಾತ್ರ, ಉಳಿದ 200 ಅವನಿಗೇ ವಾಪಸ್ (ಮೂರನೆಯವನಿದ್ದರೆ ಸೈಡ್ ಪಾಟ್‌ಗೆ, ಅಂದರೆ ಅವರಿಬ್ಬರ ನಡುವಿನ ಬೇರೆ ಪಾಟ್‌ಗೆ). ಹಾಗಾಗಿ 100/320, ಶೇ. 31.25. 420 ಗೆಲ್ತೀನಿ ಅಂತ ಎಣಿಸಿದರೆ 100/520, ಬರೀ 19 ಸಾಕು ಅಂತ ತೋರಿಸುತ್ತೆ, ಪೂರ್ತಿ ಸುಳ್ಳು. ಇದರಲ್ಲಿ ಒಂದು ಅನುಕೂಲವೂ ಇದೆ: ನಿಮ್ಮದು ಆಲ್-ಇನ್ ಆದ್ದರಿಂದ ಎರಡೂ ಎಲೆ ಗ್ಯಾರಂಟಿ, ಫ್ಲಾಪ್‌ನಲ್ಲಿ 35ರ ಲೆಕ್ಕವನ್ನೇ ನೇರವಾಗಿ ಹಾಕಬಹುದು.

ರೇಕ್ ಅನ್ನು ಕೆಳಗಿನ ಸಂಖ್ಯೆಯಲ್ಲಿ ಕಳೀರಿ, ನಿಮ್ಮ ಕಾಲ್‌ನಲ್ಲಿ ಅಲ್ಲ. ಮೊದಲ ಕೈಯಲ್ಲಿ ಅಂತಿಮ ಪಾಟ್ 280ರಿಂದ ಶೇ. 5 ಹೋದರೆ 14 ಚಿಪ್ಸ್. ಉಳಿದದ್ದು 266. 80/266 = 30.1. ಒಂದೂವರೆಯಷ್ಟು ಏರಿತು. ರೇಕ್‌ಗೆ ಮಿತಿ ಇರುವ ಟೇಬಲ್‌ನಲ್ಲಿ ಪಾಟ್ ದೊಡ್ಡದಾದಷ್ಟೂ ಈ ವ್ಯತ್ಯಾಸ ಸಣ್ಣದಾಗುತ್ತೆ. ಚಿಕ್ಕ ಪಾಟ್‌ಗಳಲ್ಲಿ 28.6ಕ್ಕೆ 29 ಇದೆ ಅಂತ ಅಂಚಿನ ಕಾಲ್ ಮಾಡೋರು ಅದನ್ನು ಹೌಸ್‌ಗೆ ಕಟ್ಟುತ್ತಿರುತ್ತಾರೆ.